ತಣ್ಣಗಿದ್ದ ಗಾಲಿ

ಅರಬೈಲ್ ಘಟ್ಟ ಇಳಿದು ಸುಂಕಸಾಳದ ಹತ್ತಿರ ನಿಂತಾಗ ನಮ್ಮ ಡ್ರೈವರ್‌ಗಳು ಚಹಾಕ್ಕೆ ಹೋಗುವ ಮೊದಲು ಒಂದು ಕೆಲಸ ಮಾಡುತ್ತಾರೆ. ಲಾರಿಗೆ ಒಂದು ಸುತ್ತು ಬಂದು, ಪ್ರತಿ ಗಾಲಿಯ ಬ್ರೇಕ್ ಡ್ರಮ್ಮಿನ ಹತ್ತಿರ ಕೈಯ ಹಿಂಬದಿ ಹಿಡಿದು ನೋಡುತ್ತಾರೆ. ಮುಟ್ಟುವುದಿಲ್ಲ. ಮುಟ್ಟಿದರೆ ಚರ್ಮ ಸುಲಿದು ಬರುತ್ತದೆ. ಒಂದು ಗೇಣು ದೂರದಿಂದಲೇ ಝಳ ಗೊತ್ತಾಗುತ್ತದೆ.

ಹೊಸಬರು ಬಿಸಿ ಗಾಲಿ ಹುಡುಕುತ್ತಾರೆ. ಹಳಬರು ತಣ್ಣಗಿರುವ ಗಾಲಿ ಹುಡುಕುತ್ತಾರೆ. ಅಷ್ಟು ದೊಡ್ಡ ಇಳಿಜಾರು ಇಳಿದ ಮೇಲೂ ಒಂದು ಡ್ರಮ್ಮು ತಣ್ಣಗಿದೆ ಅಂದರೆ ಆ ಬ್ರೇಕು ಕೆಲಸವನ್ನೇ ಮಾಡಿಲ್ಲ. ಅಡ್ಜಸ್ಟರ್ ಸಡಿಲ ಆಗಿರಬಹುದು, ಡ್ರಮ್ಮಿಗೆ ಒತ್ತಿ ಹಿಡಿಯುವ ಲೈನರ್‌ಗೆ ಎಣ್ಣೆ ತಾಗಿರಬಹುದು. ಅದರ ಪಾಲಿನ ಭಾರ ಉಳಿದ ಗಾಲಿಗಳ ಮೇಲೆ ಬಿದ್ದಿದೆ.

ಅಂಕೋಲಾ ಕಡೆಯ ಒಂದು ಸಾಗಾಟ ಕಂಪನಿಯಲ್ಲಿ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಮೂವತ್ತು ಚಿಲ್ಲರೆ ಲಾರಿಗಳಿವೆ. ಹುಬ್ಬಳ್ಳಿಯಿಂದ ಸಿಮೆಂಟು, ಶಿರಸಿಯಿಂದ ಅಡಿಕೆ, ಮಧ್ಯೆ ಸಿಕ್ಕಿದ್ದೆಲ್ಲಾ. ಅಪಘಾತ ಅಂದ ಕೂಡಲೇ ಎಲ್ಲರೂ ಡ್ರೈವರ್ ಕಡೆ ಬೆರಳು ತೋರಿಸುತ್ತಾರೆ. ನಾನೂ ತೋರಿಸುತ್ತಿದ್ದೆ. ಈಗ ಮೊದಲು ಆಫೀಸಿನ ಲೆಕ್ಕದ ಪುಸ್ತಕ ತೆಗೆಯುತ್ತೇನೆ.

ಯಾಕೆ ಅಂತ ಹೇಳುತ್ತೇನೆ. ಹಿಂದೆ ನಮ್ಮಲ್ಲಿ ಮೈಲೇಜ್ ಬಹುಮಾನ ಇತ್ತು. ಡೀಸೆಲ್ ಉಳಿಸಿದವನಿಗೆ ತಿಂಗಳ ಕೊನೆಗೆ ದುಡ್ಡು. ಒಳ್ಳೆಯ ಯೋಜನೆ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಮಳೆಗಾಲ ಮುಗಿಯುವುದರೊಳಗೆ ಬ್ರೇಕ್ ಲೈನರ್ ಖರ್ಚು ಜಾಸ್ತಿ ಆಯಿತು, ಘಟ್ಟದ ಬುಡದಲ್ಲಿ ಸುಟ್ಟ ವಾಸನೆ ಮಾಮೂಲಾಯಿತು. ಹುಡುಗರು ನ್ಯೂಟ್ರಲ್‌ಗೆ ಹಾಕಿ ಘಟ್ಟ ಇಳಿಸುತ್ತಿದ್ದರು. ಹೇಳಿಕೊಟ್ಟವರು ಯಾರು? ನಮ್ಮ ಬಹುಮಾನ.

ತಮಾಷೆ ಅಂದರೆ ನ್ಯೂಟ್ರಲ್‌ನಲ್ಲಿ ಡೀಸೆಲ್ ಉಳಿಯುವುದೂ ಇಲ್ಲ. ಗೇರ್‌ನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಗಾಲಿಗಳೇ ಎಂಜಿನ್ ತಿರುಗಿಸುತ್ತವೆ, ಎಂಜಿನ್‌ಗೆ ಡೀಸೆಲ್ ಹೋಗುವುದು ನಿಲ್ಲುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರಿ ಹೋಗದೆ ಇರಲಿಕ್ಕೇ ಡೀಸೆಲ್ ಬೇಕು. ಅದಕ್ಕಿಂತ ಕೆಟ್ಟದ್ದು, ಎಂಜಿನ್ ಹಿಡಿತ ಪೂರ್ತಿ ತಪ್ಪುತ್ತದೆ. ಇಡೀ ಲೋಡು ಬ್ರೇಕಿನ ಮೇಲೆ. ಡ್ರಮ್ಮು ಕಾದು ಹಿಗ್ಗುತ್ತದೆ, ಲೈನರ್ ಹಿಡಿತ ಬಿಡುತ್ತದೆ. ಹೆದರಿ ಮತ್ತೆ ಮತ್ತೆ ಪೆಡಲ್ ಒತ್ತಿದರೆ ಬ್ರೇಕ್ ಹಿಡಿಸುವ ಟ್ಯಾಂಕಿನ ಗಾಳಿ ಇಳಿಯುತ್ತದೆ. ಎಂಜಿನ್ ನಿಧಾನ ತಿರುಗುತ್ತಿರುವುದರಿಂದ ಕಂಪ್ರೆಸರ್ ಬೇಗ ಗಾಳಿ ತುಂಬಿಸುವುದೂ ಇಲ್ಲ. ಮೂರ್ನಾಲ್ಕು ತಿರುವಿನಲ್ಲಿ ಎಲ್ಲಾ ಮುಗಿಯುತ್ತದೆ. ಹತ್ತುವ ಗೇರ್‌ನಲ್ಲೇ ಇಳಿ ಅಂತ ಹಿರಿಯ ಡ್ರೈವರ್‌ಗಳು ಹೇಳುವುದು ಸುಮ್ನೆ ಅಲ್ಲ.

ಬಹುಮಾನ ತೆಗೆದು ಹಾಕಿದೆವು. ನ್ಯೂಟ್ರಲ್ ಬಗ್ಗೆ ಭಾಷಣ ಮಾಡಬೇಕಾಗಿ ಬರಲಿಲ್ಲ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಈ ಕೆಲಸಕ್ಕೆ ಬಂದ ಹೊಸತು. ಹಾವೇರಿ ಕಡೆಯ ಒಬ್ಬ ಡ್ರೈವರ್ ಬೆಳಿಗ್ಗೆ ಆಫೀಸಿಗೆ ಬಂದು, ‘ಸರ್, ಅಂಕೋಲಾ ದಾಟಿದ ಮ್ಯಾಲೆ ಕಣ್ಣು ಹತ್ತಿ ಬಿಡ್ತ್ರಿ. ಗಾಲಿ ಮಣ್ಣಿಗೆ ಇಳಿದಾಗ ಎಚ್ಚರಾತು’ ಅಂದ. ಯಾರೂ ಕೇಳಿರಲಿಲ್ಲ. ಲಾರಿಗೆ ಒಂದು ಗೀರೂ ಇರಲಿಲ್ಲ. ತಾನಾಗಿಯೇ ಹೇಳಿದ. ನಾನು ಎರಡು ದಿನದ ಬಾಟಾ, ಅಂದರೆ ದಿನದ ಖರ್ಚಿನ ಭತ್ಯೆ, ಕಟ್ ಮಾಡಿದೆ. ಶಿಸ್ತು ಬೇಕಲ್ವಾ!

ಆಮೇಲೆ ಎಂಟು ತಿಂಗಳು, ಅಪಘಾತ, ತಪ್ಪಿದ ಅಪಘಾತ ಬರೆಯುವ ನನ್ನ ರಿಜಿಸ್ಟರ್‌ನಲ್ಲಿ ಒಂದು ಸಾಲೂ ಬೀಳಲಿಲ್ಲ. ಮೀಟಿಂಗ್‌ನಲ್ಲಿ ಮಾಲೀಕರ ಎದುರು ಎದೆಯುಬ್ಬಿಸಿ ಹೇಳಿಕೊಂಡೆ. ಒಂದು ದಿನ ಕುಮಟೆಯ ಗ್ಯಾರೇಜಿನವರೊಬ್ಬರು ಮಾತಿಗೆ ಮಾತು ಬಂದು, ‘ನಿಮ್ಮ ಹುಡುಗರು ಪಾಪ, ಕೈಯಿಂದ ದುಡ್ಡು ಹಾಕಿ ಬಂಪರ್ ಸರಿ ಮಾಡಿಸ್ತಾರೆ ಮಾರಾಯ್ರೆ’ ಅಂದರು. ಎಷ್ಟು ಸಲ ಅಂತ ಕೇಳಿದೆ. ಅವರು ಬೆರಳು ಮಡಚಿ ಎಣಿಸತೊಡಗಿದರು. ಖಾಲಿ ರಿಜಿಸ್ಟರ್ ಕೂಡ ತಣ್ಣಗಿದ್ದ ಗಾಲಿಯೇ ಅಂತ ಅಷ್ಟು ದಿನ ನನಗೆ ಹೊಳೆದಿರಲಿಲ್ಲ.

ಆ ಡ್ರೈವರ್‌ಗೆ ಬಾಟಾ ವಾಪಸ್ ಕೊಟ್ಟೆ, ಎಲ್ಲರ ಎದುರು. ಹಾಗಂತ ಮರುದಿನವೇ ಎಲ್ಲರೂ ಬಂದು ಹೇಳಲಿಲ್ಲ. ಒಂದು ವರ್ಷ ಹಿಡಿಯಿತು.

ನಿದ್ದೆಯ ಮಾತು ಬಂತಲ್ಲ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ಕೆಲಸ ಆದ ಮೇಲೆ ಅರ್ಧ ಗಂಟೆ ಬಿಡುವು ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಬರೆದಿಟ್ಟಿತ್ತು. ಓದಿದವರು ಎಷ್ಟು ಜನವೋ! ಬಳ್ಳಾರಿ ಅದಿರು ಇದೇ ಘಟ್ಟ ಇಳಿದು ಬೇಲೇಕೇರಿ, ಕಾರವಾರ ಬಂದರಿಗೆ ಬರುತ್ತಿದ್ದ ಕಾಲ ನೆನಪಿರುವವರಿಗೆ ಟ್ರಿಪ್ ಲೆಕ್ಕದ ಸಂಬಳ ಗೊತ್ತು. ಮಲಗಿದವನಿಗೆ ದುಡ್ಡಿಲ್ಲ. 2010ರ ಜುಲೈನಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಟ್ರಿಪ್ ಲೆಕ್ಕ ಮಾತ್ರ ನಿಲ್ಲಲಿಲ್ಲ. ನಮ್ಮಲ್ಲಿ ಈಗ ತಿಂಗಳ ಸಂಬಳ ದೊಡ್ಡದು, ಟ್ರಿಪ್ ದುಡ್ಡು ಚಿಕ್ಕದು. ರಾತ್ರಿ ಎರಡರಿಂದ ಐದರವರೆಗೆ ಘಟ್ಟಕ್ಕೆ ಲಾರಿ ಬಿಡುವುದಿಲ್ಲ. ಓಡುತ್ತಿರುವ ಲಾರಿಗೆ ಆಫೀಸಿನಿಂದ ಫೋನ್ ಮಾಡುವುದಿಲ್ಲ. ‘ಎಲ್ಲಿದ್ದೀಯಾ’ ಅಂತ ಕೇಳಲಿಕ್ಕೆ ಜಿಪಿಎಸ್ ಇದೆ. ಇದನ್ನು ಮಾಲೀಕರಿಗೆ ಒಪ್ಪಿಸುವುದು ಡ್ರೈವರ್‌ಗಳನ್ನು ಒಪ್ಪಿಸಿದ್ದಕ್ಕಿಂತ ಕಷ್ಟ ಆಯಿತು. ಅಂದಹಾಗೆ, 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಡ್ರೈವರ್‌ಗೆ ಯಾಕೆ ಎಸಿ ಅನ್ನುವವರು ಏಪ್ರಿಲ್ ಮಧ್ಯಾಹ್ನ ಕಾರವಾರದಲ್ಲಿ ತಗಡಿನ ಕ್ಯಾಬಿನ್ನಿನೊಳಗೆ ಒಂದು ಗಂಟೆ ಮಲಗಿ ನೋಡಲಿ.

ಓವರ್‌ಲೋಡ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2019ರ ತಿದ್ದುಪಡಿ ಆದ ಮೇಲೆ ಕಾಯ್ದೆಯಲ್ಲಿ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಲೆಕ್ಕ ಎಲ್ಲರಿಗೂ ಬರುತ್ತದೆ.

ಎಲ್ಲಿ ನಿಲ್ಲಬೇಕು ಅನ್ನುವುದು ಸುರಕ್ಷತೆಯ ಪ್ರಶ್ನೆ ಅಂತ ಹಿಂದೆ ನಾವು ಯಾರೂ ಎಣಿಸಿರಲಿಲ್ಲ. 2024ರ ಜುಲೈ 16ರ ಬೆಳಿಗ್ಗೆ ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಹೋಟೆಲ್ಲು ಹೋಯಿತು, ನಿಂತಿದ್ದ ವಾಹನಗಳು ಗಂಗಾವಳಿ ಪಾಲಾದವು. ಅದರಲ್ಲಿ ಒಂದು ಲಾರಿಯನ್ನು ಚಾಲಕನ ಶವದೊಂದಿಗೆ ನದಿಯಿಂದ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ. ನಮ್ಮ ಲಾರಿಗಳೂ ಅಲ್ಲಿ ನಿಲ್ಲುತ್ತಿದ್ದವು. ಜಾಗ ಇತ್ತು, ಬಿಸಿ ಚಹಾ ಇತ್ತು, ಇನ್ನೇನು ಬೇಕು? ಆಮೇಲೆ ಕಡಿದ ಗುಡ್ಡದ ಬುಡದಲ್ಲಿ ಮಳೆಗಾಲ ಪೂರ್ತಿ ನಿಲ್ಲಬಾರದು ಅಂತ ನೋಟಿಸ್ ಹಾಕಿದೆ. ಒಬ್ಬ ಕೇಳಿದ, ‘ಮತ್ತೆ ಎಲ್ಲಿ ನಿಲ್ಲೋದು ಸರ್?’ ಉತ್ತರ ಇರಲಿಲ್ಲ. ಭಟ್ಕಳದಿಂದ ಕಾರವಾರದವರೆಗೆ ನಾನೇ ಬೈಕಿನಲ್ಲಿ ಹೋಗಿ ಜಾಗ ಗುರುತು ಹಾಕಿಕೊಂಡು ಬಂದೆ. ಗುಡ್ಡ ಕುಸಿದ ಮೂರೇ ವಾರದಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಹತ್ತಿರ ಕಾಳಿ ನದಿಯ ಹಳೆ ಸೇತುವೆ ಕುಸಿದು ಮೇಲಿದ್ದ ಲಾರಿ ನೀರಿಗೆ ಬಿತ್ತು. ಚಾಲಕ ಬದುಕಿದ. ಅಂಥದ್ದಕ್ಕೆ ನನ್ನ ಚೆಕ್‌ಲಿಸ್ಟಿನಲ್ಲಿ ಯಾವ ಸಾಲೂ ಇಲ್ಲ.

ಲೋಡಿನ ಮೇಲೆ ಜನ ಕೂರಿಸಬಾರದು ಅನ್ನುವುದಕ್ಕೆ ಮಾತ್ರ ಸಾಲು ಇದೆ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟೆ ಸಂತೆಗೆ ಬರುತ್ತಿದ್ದ ಲಾರಿ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಉರುಳಿತು. ಹತ್ತು ಜನ ಸತ್ತರು. ಸರಕಿನ ಜೊತೆ ಲಾರಿಯಲ್ಲೇ ಬರುತ್ತಿದ್ದ ವ್ಯಾಪಾರಿಗಳು. ಈ ಕಡೆ ರಾತ್ರಿ ಹೊತ್ತು ಊರಿನ ಗುರುತಿನವರು ಕೈ ತೋರಿಸಿದರೆ ಇಲ್ಲ ಅನ್ನುವುದು ಡ್ರೈವರ್‌ಗೆ ಸುಲಭ ಅಲ್ಲ. ಅದಕ್ಕೆ ಹೇಳಿಕೊಟ್ಟಿದ್ದೇನೆ: ‘ನನ್ನ ಹೆಸರು ಹೇಳು. ಆ ಮನುಷ್ಯ ಸರಿ ಇಲ್ಲ, ಕೆಲಸದಿಂದ ತೆಗೀತಾನೆ ಅನ್ನು.’ ಯಲ್ಲಾಪುರ ರಸ್ತೆಯಲ್ಲಿ ನನ್ನ ಹೆಸರು ಈಗ ಚೆನ್ನಾಗಿಲ್ಲ. ಅಡ್ಡಿಲ್ಲ.

ಈಗ ಹಳೆ ರಿಜಿಸ್ಟರ್ ಪಕ್ಕ ಇನ್ನೊಂದು ಪುಸ್ತಕ ಇದೆ. ಡ್ರೈವರ್ ತಾನೇ ಬೇಡ ಅಂತ ಟ್ರಿಪ್ ನಿಲ್ಲಿಸಿದರೆ ಅದರಲ್ಲಿ ಬರೆಯುತ್ತೇವೆ. ಮಂಜು, ಜೋರು ಮಳೆ, ತಣ್ಣಗಿದ್ದ ಗಾಲಿ, ಕಣ್ಣು ಎಳೆಯುವುದು. ಕಾರಣ ಕೇಳುತ್ತೇವೆ, ಜಗಳ ಆಡುವುದಿಲ್ಲ. ಕಳೆದ ಮಳೆಗಾಲ ಮುಗಿದ ಮೇಲೆ ಮಾಲೀಕರ ಮೇಜಿನ ಮೇಲೆ ಅದನ್ನಿಟ್ಟೆ. ಪುಟ ತಿರುಗಿಸುತ್ತಾ ಹೋದರು. ಮುಖ ಗಂಟಿಕ್ಕಿತ್ತು. ಕೈತಪ್ಪಿದ ಬಾಡಿಗೆಯ ಲೆಕ್ಕ ಕೇಳುತ್ತಾರೆ ಅಂತ ಕಾಯುತ್ತಿದ್ದೆ. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು. ಜುಲೈ ತಿಂಗಳು, ಘಟ್ಟದ ಮೇಲೆ ರಾತ್ರಿ ಪೂರ್ತಿ ನಿಂತ ಲಾರಿ.

‘ಇಲ್ಲಿ ಊಟ ಸಿಗ್ತದಾ?’

ಇಲ್ಲ ಅಂದೆ. ಡ್ರಾಯರ್‌ನಿಂದ ಪೆನ್ನು ತೆಗೆದು, ನಿಂತ ರಾತ್ರಿಗೆ ಊಟದ ದುಡ್ಡು ಬೇರೆ ಅಂತ ಅದೇ ಸಾಲಿನ ಪಕ್ಕ ಬರೆದರು.