ಅಂಗಾಲಿಗೆ ಕೇಳುವ ಹೊಳೆ

ಜುಲೈನಲ್ಲಿ ಗೋಕಾಕ ಫಾಲ್ಸ್‌ಗೆ ಹೋದರೆ ಒಮ್ಮೆ ಚಪ್ಪಲಿ ಬಿಟ್ಟು ಬಂಡೆಯ ಮೇಲೆ ನಿಂತು ನೋಡಿ. ಅಂಚಿನಿಂದ ದೂರ, ಸುಮ್ನೆ ಸಾಹಸ ಬೇಡ. ಘಟಪ್ರಭೆ ಕೆಂಪಗೆ ತುಂಬಿ 52 ಮೀಟರ್ ಕೆಳಗೆ ಬೀಳುವಾಗ ಅಂಗಾಲು ಸಣ್ಣಗೆ ಜುಮ್ಮೆನ್ನುತ್ತದೆ.

ಹೊಳೆ ಬಂದರೆ ದಂಡೆ ಎಲ್ಲೇ ಆದರೂ ನಡುಗುತ್ತದೆ. ನಮಗೆ ಗೊತ್ತಾಗಲ್ಲ, ನೆಲದ ನಡುಕ ಹಿಡಿಯುವ ಜಿಯೋಫೋನ್ ಎಂಬ ಸಾಧನಕ್ಕೆ ಗೊತ್ತಾಗುತ್ತದೆ. ಅದು ಅಂಗೈಲಿ ಹಿಡಿಯುವಷ್ಟು ಚಿಕ್ಕ ಡಬ್ಬಿ. ಒಳಗೆ ಅಯಸ್ಕಾಂತ, ಸ್ಪ್ರಿಂಗಿಗೆ ತೂಗುಬಿಟ್ಟ ತಂತಿಯ ಸುರುಳಿ. ನೆಲ ಅಲುಗಿದರೆ ಡಬ್ಬಿಯ ಜೊತೆ ಅಯಸ್ಕಾಂತವೂ ಅಲುಗುತ್ತದೆ, ಸುರುಳಿ ಹಿಂದೆ ಉಳಿಯುತ್ತದೆ. ಅಷ್ಟಕ್ಕೇ ತಂತಿಯಲ್ಲಿ ಚೂರು ಕರೆಂಟ್ ಹುಟ್ಟುತ್ತದೆ. ಸ್ಪೀಕರ್ ಉಲ್ಟಾ ಕೆಲಸ ಮಾಡಿದ ಹಾಗೆ. ಇದನ್ನು ದಂಡೆಯಿಂದ ದೂರ ಹೂಳಬಹುದು. ನೀರಲ್ಲಿಟ್ಟ ಮಾಪಕದ ಹಾಗೆ ಮಹಾಪೂರಕ್ಕೆ ಕೊಚ್ಚಿಹೋಗುವ ಭಯ ಇಲ್ಲ.

ನೀರು ಸುಳಿಯುತ್ತ ತಳಕ್ಕೆ ಉಜ್ಜಿದರೆ ನಿಧಾನದ ನಡುಕ. ತಳದಲ್ಲಿ ಕಲ್ಲು ಉರುಳಿ ಬಡಿದರೆ ಸಾಮಾನ್ಯವಾಗಿ ಅದಕ್ಕಿಂತ ಚುರುಕಿನ ನಡುಕ. ನೇಪಾಳದ ತ್ರಿಶೂಲಿ ನದಿಯ ಬಳಿ ಭೂಕಂಪ ಮಾಪಕಗಳಲ್ಲಿ ಒಂದು ವಿಚಿತ್ರ ಕಂಡಿತು. ನೀರಿನ ಮಟ್ಟ ಅಷ್ಟೇ ಇದ್ದರೂ ಮಳೆಗಾಲದ ಶುರುವಿಗೆ ನಡುಕ ಜಾಸ್ತಿ, ಕೊನೆಗೆ ಕಡಿಮೆ. ಮೊದಲ ಮಳೆಗೆ ಹೊಳೆ ಕಲ್ಲು, ಮರಳು ಜಾಸ್ತಿ ಹೊತ್ತು ತರುತ್ತದೆ ಎಂದು ಸಂಶೋಧಕರು ಅದನ್ನು ಓದಿದರು. ನೀರಿನ ಮಟ್ಟ ಅಳೆಯುವ ದಂಡೆಯ ಗೇಜಿಗೆ ಇದು ಕಾಣೋದೇ ಇಲ್ಲ.

2021ರ ಫೆಬ್ರವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಿ ಬಂಡೆ, ಹಿಮ ಕುಸಿದು ಋಷಿಗಂಗೆಯಲ್ಲಿ ನುಗ್ಗಿತು. 200ಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. ಆಮೇಲೆ ದಾಖಲೆ ತೆಗೆದು ನೋಡಿದರೆ, ಆ ಭಾಗದ ಭೂಕಂಪ ಮಾಪಕಗಳು ಕುಸಿತವನ್ನೂ ಕೆಳಗೆ ಹರಿದು ಬಂದ ಕೆಸರನ್ನೂ ಬರೆದಿಟ್ಟಿದ್ದವು. ಆ ಹೊತ್ತಿಗೆ ಅದನ್ನು ಓದಿ ಕೂಗಿ ಹೇಳುವ ವ್ಯವಸ್ಥೆ ಇರಲಿಲ್ಲ.

ನಮ್ಮಲ್ಲಿ? ಘಟಪ್ರಭೆಗೆ ಮೇಲೆ ಕಟ್ಟಿದ ಹಿಡಕಲ್ ಡ್ಯಾಂನಿಂದ ನೀರು ಬಿಟ್ಟರೆ ಗೋಕಾಕಕ್ಕೆ ಮುಟ್ಟಲು ಹೊತ್ತು ಹಿಡಿಯುತ್ತದೆ, ಮೊದಲೇ ಒಂದು ಫೋನ್ ಬಂದರೆ ಸಾಕು. ನನಗೆ ಅನಿಸೋದು, ಜಿಯೋಫೋನ್ ಬೇಕಿರುವುದು ಖಾನಾಪುರ ಕಡೆಯ ಘಟ್ಟದ ಹಳ್ಳಗಳಿಗೆ. ಅಲ್ಲಿ ರಾತ್ರಿ ಮಳೆ ಹೊಡೆದರೆ ನೀರಂಚಿಗೆ ನೆಟ್ಟ ಕಡ್ಡಿ ಮುಳುಗಿತಾ ಅಂತ ಕತ್ತಲಲ್ಲಿ ಯಾರು ನೋಡಿಬರ್ತಾರೆ?

ಒಂದು ತಕರಾರು ಇದೆ. ಟ್ರ್ಯಾಕ್ಟರ್ ಹಾದರೂ ಜಿಯೋಫೋನ್ ನಡುಗುತ್ತದೆ. ಪುಣ್ಯಕ್ಕೆ ಟ್ರ್ಯಾಕ್ಟರ್‌ಗಳು ಕಬ್ಬು ಹೊರುವ ಹಂಗಾಮು ಮಳೆಗಾಲ ಮುಗಿದ ಮೇಲೆ. ಆದರೂ ಮೋಸ ಹೋಗದಂತೆ ಹಳ್ಳದ ಗುಂಟ ಮೂರ್ನಾಲ್ಕು ಇಡಬೇಕು. ಮೇಲಿನದಕ್ಕೆ ಮೊದಲು, ಸ್ವಲ್ಪ ಹೊತ್ತಿಗೆ ಕೆಳಗಿನದಕ್ಕೆ ನಡುಕ ಬಂದರೆ ಅದು ನೀರೇ. ಟ್ರ್ಯಾಕ್ಟರ್ ಹಳ್ಳ ಹಿಡಿದು ಇಳಿಯಲ್ಲ, ಅಲ್ವಾ?