ಫ್ರೇಸ್ ಎಂದರೆ ಪದಗುಚ್ಛ, ನುಡಿಗಟ್ಟಲ್ಲ

ಹತ್ತನೆಯ ತರಗತಿಯ ಹುಡುಗಿಯೊಬ್ಬಳ ನೋಟ್‌ಬುಕ್ಕಿನಲ್ಲಿ ಒಂದು ವಾಕ್ಯವಿತ್ತು: ‘ದ ಬಾಕ್ಸ್ ಆಫ್ ಮ್ಯಾಂಗೋಸ್ ಆರ್ ಹೆವಿ.’ ‘ಆರ್’ ಅಲ್ಲ, ‘ಈಸ್’ ಬರಬೇಕು ಎಂದೆ. ‘ಮ್ಯಾಂಗೋಸ್ ಬಹುವಚನ ಅಲ್ಲವೇ ಮೇಡಂ?’ ಎಂದು ಕೇಳಿದಳು. ಅವಳ ಪ್ರಶ್ನೆಗೆ ಆಧಾರವಿತ್ತು. ಕ್ರಿಯಾಪದಕ್ಕೆ ಮೈತಾಗಿಸಿಕೊಂಡು ಕುಳಿತ ಪದ ಅದೇ. ಅದನ್ನೇ ಕರ್ತೃ ಎಂದುಕೊಂಡಿದ್ದಳು. ಆದರೆ ಇಲ್ಲಿ ಕರ್ತೃ ಒಂಟಿ ಪದವಲ್ಲ. ‘ದ ಬಾಕ್ಸ್ ಆಫ್ ಮ್ಯಾಂಗೋಸ್’ ಎಂಬ ನಾಲ್ಕು ಪದಗಳ ಇಡೀ ಗುಂಪು ಕರ್ತೃ. ಒಟ್ಟಾಗಿ ನಿಂತು ವಾಕ್ಯದಲ್ಲಿ ಒಂದೇ ಕೆಲಸ ಮಾಡುವ ಇಂಥ ಗುಂಪಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ಫ್ರೇಸ್ ಎಂದು ಹೆಸರು.

ಮಾತು, ಹೇಳುವ ಬಗೆ ಎಂಬ ಅರ್ಥದ ‘ಫ್ರಾಸಿಸ್’ ಎಂಬ ಗ್ರೀಕ್ ಪದ ಇದರ ಮೂಲ. ಕನ್ನಡದಲ್ಲಿ ಇದನ್ನು ಕೆಲವರು ನುಡಿಗಟ್ಟು ಎನ್ನುತ್ತಾರೆ, ಕೆಲವರು ಪದಪುಂಜ, ಪದಗುಚ್ಛ ಎನ್ನುತ್ತಾರೆ. ವ್ಯಾಕರಣದ ಮಾತಿಗೆ ನುಡಿಗಟ್ಟು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಕೈಕೊಟ್ಟ’, ‘ಹೊಟ್ಟೆಗೆ ಹಾಕಿಕೊ’ ಎಂಬಲ್ಲಿ ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ಒಟ್ಟು ಅರ್ಥ ದಕ್ಕುವುದಿಲ್ಲ, ಅದು ನುಡಿಗಟ್ಟು. ಮಾವಿನ ಹಣ್ಣಿನ ಪೆಟ್ಟಿಗೆಯಲ್ಲಿ ಅಂಥ ಗೂಢಾರ್ಥ ಏನೂ ಇಲ್ಲ. ಆದ್ದರಿಂದ ಪದಗುಚ್ಛ ಎಂದೇ ಕರೆಯುತ್ತೇನೆ.

ತನ್ನದೇ ಕರ್ತೃ ಮತ್ತು ಪೂರ್ಣ ಕ್ರಿಯಾಪದ ಇಲ್ಲದ ಪದಸಮೂಹವೇ ಫ್ರೇಸ್, ಅವೆರಡೂ ಇದ್ದರೆ ಉಪವಾಕ್ಯ ಎಂದು ಶಾಲೆಯಲ್ಲಿ ಹೇಳಿಕೊಡುತ್ತೇವೆ. ಪರೀಕ್ಷೆಗೆ ಅದು ಸಾಕು. ಭಾಷಾವಿಜ್ಞಾನಿಗಳು ಇನ್ನೂ ಒಳಕ್ಕೆ ಇಳಿದರು. ಅಮೆರಿಕದ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1933ರಲ್ಲಿ ‘ಪೂರ್ ಜಾನ್ ರ‍್ಯಾನ್ ಅವೇ’ ಎಂಬ ಪುಟ್ಟ ವಾಕ್ಯವನ್ನು ಮುಂದಿಟ್ಟು, ಇದನ್ನು ಮೊದಲು ‘ಪೂರ್ ಜಾನ್’ ಮತ್ತು ‘ರ‍್ಯಾನ್ ಅವೇ’ ಎಂದು ಎರಡಾಗಿ ಸೀಳಬೇಕೇ ಹೊರತು ಒಮ್ಮೆಲೇ ನಾಲ್ಕಾಗಿ ಅಲ್ಲ ಎಂದು ತೋರಿಸಿದರು. 1957ರಲ್ಲಿ ನೋಮ್ ಚಾಮ್‌ಸ್ಕಿ, ವಾಕ್ಯವೆಂದರೆ ಒಂದು ನಾಮಪದಗುಚ್ಛ ಮತ್ತು ಒಂದು ಕ್ರಿಯಾಪದಗುಚ್ಛ ಎಂಬುದನ್ನು ಸೂತ್ರವಾಗಿಯೇ ಬರೆದರು. ಆ ಲೆಕ್ಕದಲ್ಲಿ ‘ಡಾಗ್ಸ್ ಬಾರ್ಕ್’ ಎಂಬಲ್ಲಿನ ‘ಡಾಗ್ಸ್’ ಒಂಟಿಯಾಗಿದ್ದರೂ ಗುಚ್ಛವೇ. ಗುಚ್ಛವನ್ನು ಗುರುತಿಸುವುದು ಅದರಲ್ಲಿರುವ ಪದಗಳ ಸಂಖ್ಯೆಯಿಂದಲ್ಲ, ಅದು ಕೂರುವ ಜಾಗದಿಂದ.

ಗುಂಪು ನಿಜವಾಗಿಯೂ ಒಂದು ಗುಂಪೇ ಎಂದು ತಿಳಿಯುವುದು ಹೇಗೆ? ಅದರ ಜಾಗದಲ್ಲಿ ಸರ್ವನಾಮ ಇಟ್ಟು ನೋಡಿ. ‘ದ ಓಲ್ಡ್ ಬಾಕ್ಸ್ ಆಫ್ ಮ್ಯಾಂಗೋಸ್ ಈಸ್ ಹೆವಿ’ ಎಂಬುದು ‘ಇಟ್ ಈಸ್ ಹೆವಿ’ ಎಂದಾಗುತ್ತದೆ. ಸರ್ವನಾಮ ನಾಮಪದದ ಬದಲಿಗೆ ಬರುತ್ತದೆ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ‘ಬಾಕ್ಸ್’ ಎಂಬ ನಾಮಪದವೊಂದನ್ನೇ ತೆಗೆದು ‘ಇಟ್’ ಹಾಕಿದರೆ ‘ದ ಓಲ್ಡ್ ಇಟ್ ಆಫ್ ಮ್ಯಾಂಗೋಸ್’ ಎಂದಾಗುತ್ತದೆ! ‘ಇಟ್’ ನುಂಗಿದ್ದು ಪದವನ್ನಲ್ಲ, ಇಡೀ ಗುಚ್ಛವನ್ನು.

ಪ್ರತಿ ಗುಚ್ಛಕ್ಕೂ ಒಬ್ಬ ಯಜಮಾನನಿರುತ್ತಾನೆ. ಅದನ್ನು ಮುಖ್ಯಪದ ಎನ್ನೋಣ. ಮುಖ್ಯಪದ ನಾಮಪದವಾದರೆ ಅದು ನಾಮಪದಗುಚ್ಛ, ಗುಣವಾಚಕವಾದರೆ ಗುಣವಾಚಕಗುಚ್ಛ. ಉಳಿದವಕ್ಕೂ ಹೆಸರು ಹೀಗೆಯೇ ಬರುತ್ತದೆ. ಏಕವಚನವೋ ಬಹುವಚನವೋ ಎಂದು ಕ್ರಿಯಾಪದ ಕೇಳುವುದು ಈ ಯಜಮಾನನನ್ನು ಮಾತ್ರ. ಪೆಟ್ಟಿಗೆ ಒಂದೇ, ಆದ್ದರಿಂದ ‘ಈಸ್’.

ಹಾಗಾದರೆ ನಮ್ಮ ಮಕ್ಕಳು ಇಲ್ಲೇ ಏಕೆ ಎಡವುತ್ತಾರೆ? ಕನ್ನಡದಲ್ಲಿ ಹೇಳಿ ನೋಡಿ: ‘ಮಾವಿನ ಹಣ್ಣುಗಳ ಪೆಟ್ಟಿಗೆ ಭಾರವಾಗಿದೆ.’ ಪೆಟ್ಟಿಗೆ ಗುಂಪಿನ ಕೊನೆಯಲ್ಲಿದೆ. ವಿಶೇಷಣಗಳೆಲ್ಲ ಮುಂದೆ ನಡೆದು ಮುಖ್ಯಪದ ಹಿಂದಿನಿಂದ ಬರುವುದು ಕನ್ನಡದ ಕ್ರಮ. ಇಂಗ್ಲಿಷ್ ‘ಓಲ್ಡ್ ಬಾಕ್ಸ್’ ಎನ್ನುವಷ್ಟರ ಮಟ್ಟಿಗೆ ನಮ್ಮ ಜೊತೆಗೇ ಬರುತ್ತದೆ. ವಿವರಣೆ ಉದ್ದವಾದೊಡನೆ ಅದನ್ನು ಮುಖ್ಯಪದದ ಹಿಂದೆ ಬಾಲದಂತೆ ಕಟ್ಟುತ್ತದೆ. ಆ ಹುಡುಗಿಯ ಕಣ್ಣು ಯಜಮಾನನನ್ನು ಹುಡುಕಿದ್ದು ಕನ್ನಡದ ಅಭ್ಯಾಸದಂತೆ ಗುಂಪಿನ ಕೊನೆಯಲ್ಲಿ. ಸಿಕ್ಕಿದ್ದು ಮಾವಿನ ಹಣ್ಣು. ಇದನ್ನು ಅಜಾಗರೂಕತೆ ಎಂದು ಕೆಂಪು ಶಾಯಿಯಲ್ಲಿ ಗೀಚಿಬಿಡುವುದು ಅನ್ಯಾಯ.

ಆಸ್ತಿಯ ಗುರುತಾದ ‘ಸ್’ ಪ್ರತ್ಯಯ ಇನ್ನೂ ಸೊಗಸಾದ ಸಾಕ್ಷಿ. ‘ದ ಮೇಯರ್ ಆಫ್ ಮೈಸೂರ್ಸ್ ಕಾರ್’ ಎಂದಾಗ ಪ್ರತ್ಯಯ ಅಂಟಿದ್ದು ಮೈಸೂರಿಗೆ, ಕಾರು ಮಾತ್ರ ಮೇಯರದು. ಅದು ಪದಕ್ಕೆ ಅಂಟದೆ ಇಡೀ ಗುಚ್ಛದ ಅಂಚಿಗೆ ಅಂಟಿದೆ. ‘ಮೈಸೂರಿನ ಮೇಯರರ ಕಾರು’ ಎನ್ನುವಾಗ ಗುಚ್ಛದ ಅಂಚೂ ಮುಖ್ಯಪದವೂ ಒಂದೇ ಆಗಿರುವುದರಿಂದ ನಮಗೆ ಈ ವಿಚಿತ್ರ ಎದುರಾಗುವುದೇ ಇಲ್ಲ.

ಹೆಚ್ಚು ಎಚ್ಚರ ಬೇಕಾಗುವುದು ‘ಇನ್’, ‘ಫ್ರಮ್’, ‘ವಿತ್’ ಇಂಥವುಗಳಿಂದ ಶುರುವಾಗುವ ಗುಚ್ಛಗಳ ಬಳಿ. ‘ದ ಬಾಯ್ ಇನ್ ದ ಬಸ್ ಈಸ್ ಸ್ಲೀಪಿಂಗ್’ ಎಂಬಲ್ಲಿ ‘ಇನ್ ದ ಬಸ್’ ಹುಡುಗ ಯಾರೆಂದು ಹೇಳುತ್ತದೆ. ‘ದ ಬಾಯ್ ಈಸ್ ಸ್ಲೀಪಿಂಗ್ ಇನ್ ದ ಬಸ್’ ಎಂಬಲ್ಲಿ ಅದೇ ಮೂರು ಪದಗಳು ನಿದ್ದೆ ಎಲ್ಲಿ ನಡೆದಿದೆ ಎಂದು ಹೇಳುತ್ತವೆ. ಗುಚ್ಛದ ರೂಪ ಒಂದಿಷ್ಟೂ ಬದಲಾಗಿಲ್ಲ, ಜಾಗ ಮಾತ್ರ ಬದಲಾಗಿದೆ. ಕನ್ನಡ ಇಲ್ಲಿ ರೂಪವನ್ನೇ ಬದಲಿಸುತ್ತದೆ: ಮೊದಲನೆಯದು ‘ಬಸ್ಸಿನಲ್ಲಿರುವ’, ಎರಡನೆಯದು ‘ಬಸ್ಸಿನಲ್ಲಿ’.

ಜಾಗವೂ ಕೈಬಿಟ್ಟರೆ ಅರ್ಥ ಕವಲೊಡೆಯುತ್ತದೆ. ‘ಐ ಸಾ ದ ಗರ್ಲ್ ಫ್ರಮ್ ದ ಬಸ್.’ ನಾನು ಬಸ್ಸಿನಲ್ಲಿ ಕುಳಿತು ಹೊರಗಿದ್ದ ಹುಡುಗಿಯನ್ನು ನೋಡಿದೆನೋ, ಬಸ್ಸಿನಲ್ಲಿ ಬಂದಿದ್ದ ಹುಡುಗಿಯನ್ನು ಬೇರೆಲ್ಲೋ ನೋಡಿದೆನೋ? ‘ಫ್ರಮ್ ದ ಬಸ್’ ಕ್ರಿಯಾಪದಕ್ಕೆ ಸೇರಿದರೆ ಮೊದಲನೆಯ ಅರ್ಥ, ‘ಗರ್ಲ್’ಗೆ ಸೇರಿದರೆ ಎರಡನೆಯದು. ಪದಗಳು ಅವೇ, ಕ್ರಮವೂ ಅದೇ, ಗುಂಪುಗೂಡಿಕೆ ಬೇರೆ. ವಾಕ್ಯವೆಂದರೆ ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಬರೀ ಪದಗಳ ಸಾಲು ಎಂದುಕೊಂಡರೆ ಈ ಎರಡು ಅರ್ಥ ಎಲ್ಲಿಂದ ಬಂತೆಂದು ವಿವರಿಸಲು ಸಾಧ್ಯವೇ ಇಲ್ಲ.

ಅಂದು ಆ ಹುಡುಗಿಗೆ ಕಪ್ಪುಹಲಗೆಯ ಮೇಲೆ ಇನ್ನೊಂದು ಗುಚ್ಛ ಬರೆದೆ: ‘ದ ಡಿಸಿಷನ್ ಆಫ್ ದ ಫಾರ್ಮರ್ಸ್ ಆಫ್ ದ ವಿಲೇಜ್ ಆನ್ ದ ಅದರ್ ಸೈಡ್ ಆಫ್ ದ ರಿವರ್’. ಅದರ ಕೆಳಗೆ ಕನ್ನಡದಲ್ಲಿ ಬರೆಯಲು ಅವಳಿಗೇ ಸೀಮೆಸುಣ್ಣ ಕೊಟ್ಟೆ. ‘ನದಿಯ ಆಚೆ ದಡದ ಹಳ್ಳಿಯ ರೈತರ ನಿರ್ಧಾರ’ ಎಂದು ಬರೆದಳು. ಎರಡು ಸಾಲನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೇಲಿನ ಸಾಲಿನ ಎಡತುದಿಯ ‘ಡಿಸಿಷನ್’ನಿಂದ ಕೆಳಗಿನ ಸಾಲಿನ ಬಲತುದಿಯ ‘ನಿರ್ಧಾರ’ಕ್ಕೆ ಒಂದು ಗೆರೆ ಎಳೆದಳು. ‘ರಿವರ್’ನಿಂದ ‘ನದಿ’ಗೆ ಇನ್ನೊಂದು. ಗೆರೆಗಳು ನಟ್ಟನಡುವೆ ಒಂದನ್ನೊಂದು ದಾಟಿದವು. ‘ಹಾಗಾದರೆ ಇಲ್ಲಿ “ವಾಸ್” ಬರುತ್ತದೆ, “ವರ್” ಅಲ್ಲ’ ಎಂದು ಅವಳೇ ಹೇಳಿದಳು.