ಮರಿಯ ಕಣ್ಣಿಗೆ ಕೈಯೇ ಇಲಿ

ಅಂಗೈ ತುಂಬುವಷ್ಟು ಗಾತ್ರದ ಬೆಕ್ಕಿನ ಮರಿ. ಮಡಿಲಲ್ಲಿ ಮಲಗಿ ಗುರುಗುಟ್ಟುತ್ತಿತ್ತು. ಪಕ್ಕದಲ್ಲಿದ್ದ ಪುಸ್ತಕಕ್ಕೆ ನಾನು ಕೈ ಚಾಚಿದೆ, ಅಷ್ಟೇ. ನಾಲ್ಕೂ ಕಾಲಿನಿಂದ ಮಣಿಕಟ್ಟನ್ನು ತಬ್ಬಿ, ಹಿಂಗಾಲಿನಲ್ಲಿ ಒದೆಯುತ್ತಾ, ಹೆಬ್ಬೆರಳ ಬುಡಕ್ಕೆ ಹಲ್ಲು ಊರಿಬಿಟ್ಟಿತು. ನನ್ನ ಮೇಲೆ ಕೋಪ ಬಂತೇನೋ ಅಂದುಕೊಂಡೆ. ಆಮೇಲೆ ತಿಳಿಯಿತು, ಅದಕ್ಕೆ ನನ್ನ ಕಡೆ ಗಮನವೇ ಇರಲಿಲ್ಲ. ಐದು ಬೆರಳಿನ ಸಣ್ಣ ಪ್ರಾಣಿಯೊಂದು ಕಣ್ಣೆದುರೇ ಓಡಿಹೋಗುತ್ತಿತ್ತು. ಆ ಪ್ರಾಣಿ ನನ್ನ ತೋಳಿಗೆ ಅಂಟಿಕೊಂಡಿರುವುದನ್ನೆಲ್ಲ ಅದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಮರಿ ಸಾಕಿದ ಮನೆಯಲ್ಲಿ ಇಲಿಯ ಪಾತ್ರ ನಮ್ಮ ಕೈಗೆ ಬಂದಿರುತ್ತದೆ. ಆ ಪಾತ್ರ ಕೊಟ್ಟವರು ಯಾರು ಅಂತ ಹುಡುಕುತ್ತಾ ಹೋದರೆ ಸಿಕ್ಕಿಬೀಳುವವರು ಹೆಚ್ಚಾಗಿ ನಾವೇ.

ಹುಟ್ಟಿದಾಗ ಮರಿಗೆ ಕಣ್ಣು ಕಾಣದು, ಕಿವಿ ಕೇಳದು. ಎರಡನೇ ವಾರದ ಹೊತ್ತಿಗೆ ಕಣ್ಣು ಬಿಡುತ್ತದೆ. ಮೂರನೇ ವಾರದ ಸುಮಾರಿಗೆ ಹಾಲುಹಲ್ಲು ಮೂಡಲು ಶುರು, ಒಟ್ಟು 26. ನಾಲ್ಕನೇ ವಾರಕ್ಕೆ ಕುಸ್ತಿ. ಮೊದಮೊದಲು ಈ ಆಟವೆಲ್ಲ ಒಡಹುಟ್ಟಿದ ಮರಿಗಳ ಜೊತೆ. ಮೇಲೆ ಬೀಳುವುದು, ಕುತ್ತಿಗೆ ಹಿಡಿಯುವುದು, ಅಂಗಾತ ಬಿದ್ದು ಒದೆಯುವುದು. ಏಳೆಂಟು ವಾರ ಆಗುತ್ತಿದ್ದಂತೆ ಕಣ್ಣಿಗೂ ಪಂಜಕ್ಕೂ ಹೊಂದಾಣಿಕೆ ಚೆನ್ನಾಗಿ ಕೂಡಿಬರುತ್ತದೆ. ಆಗ ಚೆಂಡು, ಚಪ್ಪಲಿ, ಪರದೆಯ ಅಂಚು, ಅಲ್ಲಾಡುವುದೆಲ್ಲ ಆಟದ ಸಾಮಾನೇ. ಬಹಳಷ್ಟು ಮರಿಗಳು ಹೊಸ ಮನೆ ಸೇರುವುದೂ ಇದೇ ವಯಸ್ಸಿನಲ್ಲಿ. ಕುಸ್ತಿಯ ಜೊತೆಗಾರರು ಮಾಯವಾಗುವುದಕ್ಕೂ ಬೇಟೆಯ ಚಪಲ ಏರುವುದಕ್ಕೂ ಸರಿಹೋಗುತ್ತದೆ. ಎರಡಕ್ಕೂ ಕೈಗೆಟಕುವಂತೆ ಅಲ್ಲಿ ಉಳಿದಿರುವುದು ನಿಮ್ಮ ಕೈ, ನಿಮ್ಮ ಕಾಲು.

ಬೆಕ್ಕಿನ ಬೇಟೆಗೆ ಒಂದು ಕ್ರಮ ಇದೆ. ಮೊದಲು ದಿಟ್ಟಿಸುತ್ತದೆ. ಹೊಟ್ಟೆ ನೆಲಕ್ಕೆ ತಾಗುವಂತೆ ಬಗ್ಗಿ ಹತ್ತಿರ ಸರಿಯುತ್ತದೆ. ಹಿಂಭಾಗ ಅಲ್ಲಾಡಿಸಿ ಎಗರುತ್ತದೆ. ಪಂಜದಲ್ಲಿ ಹಿಡಿದು, ಕೊನೆಗೆ ಕತ್ತಿನ ಹಿಂಭಾಗಕ್ಕೆ ಹಲ್ಲು ಹಾಕುತ್ತದೆ. ಆಟದಲ್ಲಿ ಬರುವುದೂ ಇದೇ ತುಂಡುಗಳು, ಸ್ವಲ್ಪ ಹಿಂದುಮುಂದಾಗಿ. ಇದನ್ನೆಲ್ಲ ಕೆರಳಿಸುವುದು ಚಲನೆ, ಅದರಲ್ಲೂ ದೂರ ಸರಿಯುವ ಚಲನೆ. ಇನ್ನೊಂದು ಸ್ವಾರಸ್ಯ ಗೊತ್ತಾ? ತೀರಾ ಹತ್ತಿರ, ಅಂದರೆ ಸುಮಾರು 25 ಸೆಂಟಿಮೀಟರಿಗಿಂತ ಸಮೀಪ ಇರುವುದು ಬೆಕ್ಕಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಆ ಕೊನೆಯ ಗೇಣಿನಲ್ಲಿ ಕಣ್ಣಿನ ಕೆಲಸವನ್ನು ಮೀಸೆ ಮಾಡುತ್ತದೆ. ಮುಂದಕ್ಕೆ ಚಾಚಿಕೊಂಡು, ಬೇಟೆ ಎಲ್ಲಿದೆ ಅಂತ ತಡಕಿ ಹೇಳುತ್ತದೆ. ಹಾಗಾಗಿ ಕಚ್ಚಿಸಿಕೊಂಡಾಗ ನಾವು ತಟ್ಟನೆ ಕೈ ಎಳೆದುಕೊಂಡೆವೋ, ಕೆಲಸ ಕೆಟ್ಟಿತು. ತಪ್ಪಿಸಿಕೊಳ್ಳುವ ಇಲಿಯೂ ಅದನ್ನೇ ಮಾಡುತ್ತದೆ ಅಲ್ವಾ? ಮರಿ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ, ನಮ್ಮ ಚರ್ಮ ಹರಿಯುತ್ತದೆ.

ಆ ಗಳಿಗೆಯಲ್ಲಿ ಕೈಯನ್ನು ಸುಮ್ನೆ ಸಡಿಲ ಬಿಡಬೇಕು. ಹೇಳುವುದು ಸುಲಭ, ನೋವಿನಲ್ಲಿ ನೆನಪಾಗುವುದು ಕಷ್ಟ. ಸಾಧ್ಯವಾದರೆ ಮರಿಯ ಬಾಯಿಯ ಕಡೆಗೇ ಒಂಚೂರು ಮೆಲ್ಲಗೆ ಸರಿಸಿ. ಯಾವ ಬೇಟೆಯೂ ಹೀಗೆ ನಡೆದುಕೊಳ್ಳುವುದಿಲ್ಲವಾದ್ದರಿಂದ ಮರಿಗೆ ಗಲಿಬಿಲಿಯಾಗಿ ಹಿಡಿತ ಬಿಡುತ್ತದೆ. ಬಿಟ್ಟ ಕೂಡಲೇ ಎದ್ದು ಹೋಗಿ. ಒಂದೆರಡು ನಿಮಿಷ ಮಾತೂ ಇಲ್ಲ, ನೋಟವೂ ಇಲ್ಲ.

ಇದು ನಾವು ಹೊಸದಾಗಿ ಕಂಡುಹಿಡಿದ ಉಪಾಯವೇನಲ್ಲ. ಒಡಹುಟ್ಟಿದ ಮರಿಗಳು ಮಾಡುವುದು ಇದನ್ನೇ. ಕುಸ್ತಿಯಲ್ಲಿ ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕೀರಲು ದನಿ ತೆಗೆದು ತಿರುಗಿ ಕಚ್ಚುತ್ತದೆ, ಇಲ್ಲವೇ ಆಟ ಬಿಟ್ಟು ಹೊರಟುಹೋಗುತ್ತದೆ. ತಾಯಿಯೂ ಅಷ್ಟೇ, ಅತಿಯಾದರೆ ಎದ್ದು ನಡೆಯುತ್ತದೆ. ಎಷ್ಟು ಕಚ್ಚಿದರೆ ಆಟ, ಎಷ್ಟು ಕಚ್ಚಿದರೆ ಅತಿ ಅನ್ನುವ ಅಳತೆ ಮರಿಗೆ ಸಿಗುವುದು ಹೀಗೆ. ತಾಯಿಯಿಂದ ಬೇಗ ಬೇರೆಯಾದ ಮರಿಗೆ ಈ ಪಾಠ ಅರ್ಧಕ್ಕೇ ನಿಂತುಹೋಗಿರುತ್ತದೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಸಾವಿರಾರು ಸಾಕುಬೆಕ್ಕುಗಳ ಮಾಹಿತಿಯನ್ನು ಮಾಲೀಕರಿಂದ ಕೇಳಿ ಪಡೆದು ಲೆಕ್ಕಹಾಕಿದರು. 8 ವಾರಕ್ಕಿಂತ ಮೊದಲೇ ತಾಯಿಯನ್ನು ಬಿಟ್ಟ ಬೆಕ್ಕುಗಳಲ್ಲಿ ಮೈಮೇಲೆ ಎರಗುವ ಸ್ವಭಾವ ಜಾಸ್ತಿ ಕಂಡಿತು. 14 ವಾರ ದಾಟಿದ ಮೇಲೆ ಬೇರೆಯಾದವು ಹೆಚ್ಚು ಸಮಾಧಾನಿಗಳಾಗಿದ್ದವು. ಮಾಲೀಕರ ಮಾತನ್ನು ನಂಬಿ ಮಾಡಿದ ಲೆಕ್ಕ ಅನ್ನುವುದನ್ನು ಮರೆಯಬಾರದು. ಆದರೂ ಮರಿಯನ್ನು ಇನ್ನೂ ಮನೆಗೆ ತಂದಿಲ್ಲವಾದರೆ ಕೆಲವು ವಾರ ಕಾಯುವುದರಲ್ಲಿ ನಷ್ಟವಿಲ್ಲ.

ಈಗ ಒಂದು ಪೆಟ್ಟಿಗೆಯ ಕತೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಮರದ ಪಟ್ಟಿಗಳ ಪೆಟ್ಟಿಗೆಯಲ್ಲಿ ಕೂಡಿಹಾಕಿ, ಹೊರಗೆ ತಿನಿಸು ಇಟ್ಟು ನೋಡುತ್ತಿದ್ದರು. ಅವರು ಇದರ ಬಗ್ಗೆ ಬರೆದದ್ದು 1898ರಲ್ಲಿ. ಒಳಗಿದ್ದ ದಾರದ ಕುಣಿಕೆ ಎಳೆದರೆ ಬಾಗಿಲು ತೆರೆಯುತ್ತಿತ್ತು. ಬೆಕ್ಕು ಪರಚಿತು, ಕಚ್ಚಿತು, ಎಲ್ಲೆಂದರಲ್ಲಿ ಮೂತಿ ತೂರಿಸಿತು. ಹೀಗೆ ಪರದಾಡುವಾಗ ಅಕಸ್ಮಾತ್ತಾಗಿ ಕುಣಿಕೆಗೆ ಪಂಜ ತಾಗಿ ಬಾಗಿಲು ತೆರೆಯಿತು. ಮುಂದಿನ ಸರದಿಗಳಲ್ಲಿ ಕೆಲಸಕ್ಕೆ ಬಾರದ ಪರಚಾಟ ನಿಧಾನಕ್ಕೆ ಉದುರಿಹೋಯಿತು, ಫಲ ಕೊಟ್ಟ ಚಲನೆ ಉಳಿಯಿತು. ಮಾಡಿದ್ದರ ಬೆನ್ನಿಗೇ ಒಳ್ಳೆಯದಾದರೆ ಅದನ್ನೇ ಮತ್ತೆ ಮಾಡುವುದು, ಆಗದಿದ್ದರೆ ಬಿಡುವುದು. ಕಲಿಕೆಯ ವಿಜ್ಞಾನದಲ್ಲಿ ಇದಕ್ಕೆ ಪರಿಣಾಮದ ನಿಯಮ ಅಂತ ಹೆಸರು. ಬೆಕ್ಕಿಗೆ ಏನನ್ನೂ ಕಲಿಸಲಾಗದು ಅನ್ನುವವರು ಗಮನಿಸಬೇಕು, ಈ ನಿಯಮಕ್ಕೆ ದಾರಿ ತೋರಿಸಿದ್ದೇ ಬೆಕ್ಕುಗಳು.

ಮರಿ ಸಾಕಿದವರ ಮನೆಯೂ ಅಂಥದ್ದೇ ಪೆಟ್ಟಿಗೆ. ಇಷ್ಟೇ ವ್ಯತ್ಯಾಸ, ಬಾಗಿಲು ನಾವು. ಹೊದಿಕೆಯ ಕೆಳಗೆ ಬೆರಳು ಆಡಿಸುತ್ತೇವೆ, ಮರಿ ಎಗರುತ್ತದೆ, ನಗುತ್ತೇವೆ. ಬೆಳಗಿನ ಜಾವ ಕಾಲ್ಬೆರಳು ಕಚ್ಚುತ್ತದೆ, ಎದ್ದು ತಟ್ಟೆಗೆ ತಿನಿಸು ಹಾಕುತ್ತೇವೆ. ಎರಡೂ ಸಲ ಬಾಗಿಲು ತೆರೆದಂತಾಯಿತು. ಅರ್ಧ ಕಿಲೋ ತೂಗುವಾಗ ಕಚಗುಳಿ ಅನಿಸಿದ ಕಡಿತ ನಾಲ್ಕು ಕಿಲೋ ಆದಾಗ ಹಾಗಿರುವುದಿಲ್ಲ. ಮರಿಗೆ ಮಾತ್ರ ಅದೇ ಹಳೇ ಆಟ.

ಕೈಯಿಂದ ಆಟ ಆಡಿಸುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಕಚ್ಚುವುದು ಜಾಸ್ತಿಯಾಗಬಹುದು. ದಿನವೂ ತೆರೆಯುತ್ತಿದ್ದ ಬಾಗಿಲು ತೆರೆಯದಿದ್ದರೆ ಯಾರೇ ಆದರೂ ಇನ್ನೆರಡು ಸಲ ಜೋರಾಗಿ ತಟ್ಟುತ್ತಾರೆ. ಹೆಚ್ಚಿನವರು ಸೋಲುವುದು ಇಲ್ಲೇ. ಮನೆಯಲ್ಲಿ ಮೂವರು ಎದ್ದು ಹೋಗುತ್ತಾರೆ, ನಾಲ್ಕನೆಯವರು 'ಪಾಪ, ಚಿಕ್ಕದು' ಅಂತ ಬೆರಳು ಕೊಡುತ್ತಾರೆ. ಆಗೊಮ್ಮೆ ಈಗೊಮ್ಮೆ ಸಿಗುವ ಫಲ ಯಾವಾಗಲೂ ಸಿಗುವ ಫಲಕ್ಕಿಂತ ಗಟ್ಟಿಯಾಗಿ ಚಟ ಹಿಡಿಸುತ್ತದೆ. ಮರಿಗಿಂತ ಮೊದಲು ಆ ನಾಲ್ಕನೆಯವರನ್ನು ಪಳಗಿಸಿ.

ಹೊಡೆಯುವುದು, ಮೂಗಿನ ಮೇಲೆ ತಟ್ಟುವುದು, ಕತ್ತಿನ ಚರ್ಮ ಹಿಡಿದು ಎತ್ತುವುದು, ಮುಖಕ್ಕೆ ನೀರು ಎರಚುವುದು, ಈ ಸಲಹೆಗಳನ್ನು ಎಲ್ಲರೂ ಕೊಡುತ್ತಾರೆ. ನಾನೂ ನೀರಿನ ಬಾಟಲಿ ಹಿಡಿದು ಓಡಾಡಿದವನೇ. ಮರಿ ಕಲಿತದ್ದು ಒಂದೇ, ಬಾಟಲಿ ಇರುವಾಗ ಮಂಚದ ಕೆಳಗಿರಬೇಕು. ಶಿಕ್ಷೆ ಒಂದೆರಡು ಕ್ಷಣ ತಡವಾದರೂ ಮರಿ ಅದನ್ನು ಕಚ್ಚಿದ್ದಕ್ಕೆ ಜೋಡಿಸುವುದಿಲ್ಲ, ಎದುರಿಗಿರುವ ಮನುಷ್ಯನಿಗೆ ಜೋಡಿಸುತ್ತದೆ. ಆಟಕ್ಕೆ ಕಚ್ಚುತ್ತಿದ್ದ ಮರಿ ಹೆದರಿ ಕಚ್ಚುವುದನ್ನೂ ಕಲಿಯುತ್ತದೆ. ಈ ಎರಡನೆಯದು ನಿಜಕ್ಕೂ ಕಷ್ಟ. 'ಅಮ್ಮಾ' ಅಂತ ಕಿರುಚಿದರೆ ಕೆಲವು ಮರಿ ನಿಲ್ಲಿಸುತ್ತವೆ, ಕೆಲವಕ್ಕೆ ಉತ್ಸಾಹ ದುಪ್ಪಟ್ಟಾಗುತ್ತದೆ. ನಮ್ಮದು ಎರಡನೇ ಜಾತಿ.

ಬೇಡ ಅಂತ ಹೇಳುವುದು ಅರ್ಧ ಕೆಲಸ. ಬೇಟೆಯ ಚಪಲ ಎಲ್ಲಾದರೂ ಹರಿಯಲೇಬೇಕಲ್ಲ? ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಗರಿಯೋ ಬಟ್ಟೆಯ ತುಂಡೋ ಆದರೆ ಹಲ್ಲಿಗೂ ಕೈಗೂ ಒಂದು ಮಾರು ದೂರ ಇರುತ್ತದೆ. ಅದನ್ನು ಮರಿಯ ಮುಖದ ಮುಂದೆ ತಂದು ಕುಣಿಸಬೇಡಿ, ಯಾವ ಇಲಿಯೂ ಬೆಕ್ಕಿನ ಬಾಯಿಗೆ ತಾನಾಗಿ ನುಗ್ಗುವುದಿಲ್ಲ. ನೆಲದ ಮೇಲೆ ದೂರಕ್ಕೆ ಎಳೆಯಿರಿ, ನಿಲ್ಲಿಸಿ, ನಡುಗಿಸಿ, ಕುರ್ಚಿಯ ಕಾಲಿನ ಹಿಂದೆ ಮರೆಮಾಡಿ. ನಡುನಡುವೆ ಹಿಡಿಯಲು ಬಿಡಿ. ಹಿಡಿದು ಒದೆಯುವ ಹುಚ್ಚಿಗೆ ಮರಿಯ ಮೈಯಷ್ಟೇ ಉದ್ದದ ಮೆತ್ತನೆಯ ಗೊಂಬೆ ಕೊಟ್ಟರೆ ನಮ್ಮ ಮುಂಗೈ ಬಚಾವು.

ಬೆಕ್ಕಿಗೆ ಆಟಿಕೆ ಬೇಜಾರಾಗುವ ಬಗೆಯನ್ನು ಬ್ರಿಟನ್ನಿನ ಸಂಶೋಧಕರಾದ ಸಾರಾ ಹಾಲ್ ಮತ್ತು ಜಾನ್ ಬ್ರಾಡ್‌ಶಾ ದೊಡ್ಡ ಬೆಕ್ಕುಗಳಲ್ಲಿ ಪರೀಕ್ಷಿಸಿದ್ದರು. ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟಾಗ ಆಸಕ್ತಿ ಬೇಗ ಇಳಿಯಿತು. ಸ್ವಲ್ಪ ಬೇರೆ ಥರದ್ದನ್ನು ಕೊಟ್ಟ ತಕ್ಷಣ ಆಟ ಮತ್ತೆ ಜೋರಾಯಿತು. ಬೆಕ್ಕಿಗೆ ದಣಿವಾಗಿರಲಿಲ್ಲ, ಆ ವಸ್ತು ಸಾಕಾಗಿತ್ತು ಅಷ್ಟೇ. ಹಸಿದಾಗ ಬೆಕ್ಕುಗಳು ಇನ್ನೂ ಬಿರುಸಾಗಿ ಆಡಿದ್ದನ್ನೂ ಅವರು ಕಂಡರು. ಅಂದಮೇಲೆ ಎಲ್ಲಾ ಆಟಿಕೆಗಳನ್ನೂ ನೆಲದ ಮೇಲೆ ಹರಡಿಡುವ ಬದಲು ಎರಡನ್ನು ಹೊರಗಿಟ್ಟು ಉಳಿದದ್ದನ್ನು ಬಚ್ಚಿಡಿ, ಕೆಲವು ದಿನಕ್ಕೊಮ್ಮೆ ಬದಲಿಸಿ. ಆಟ ಊಟಕ್ಕೆ ಮುಂಚೆ ಇರಲಿ. ದಿನಕ್ಕೆ ಎಷ್ಟು ಹೊತ್ತು? ಮಾಲೀಕರು ದಿನವೂ 5ರಿಂದ 10 ನಿಮಿಷ ಆಟವಾಡಿಸಿದ ಬೆಕ್ಕುಗಳು ಮನೆಗೆ ಬೇಟೆ ತರುವುದು ಕಾಲು ಭಾಗದಷ್ಟು ಕಡಿಮೆಯಾಯಿತು ಅಂತ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ವರದಿ ಮಾಡಿದ್ದಾರೆ. ದೊಡ್ಡ ಬೆಕ್ಕಿಗೇ ಅಷ್ಟು ಪರಿಣಾಮ ಇದ್ದರೆ, ಮರಿಗೆ ಅಂಥ ಮೂರು ನಾಲ್ಕು ಸರದಿ ಬೇಕು ಅನ್ನುವುದು ನನ್ನ ಅನುಭವ.

ಲೇಸರ್ ಬೆಳಕಿನ ಚುಕ್ಕಿ ನನಗೆ ಹಿಡಿಸದು. ಎಗರಿ ಹಿಡಿದರೂ ಪಂಜದ ಕೆಳಗೆ ಏನೂ ಇರುವುದಿಲ್ಲ. ಆಡಿಸಲೇಬೇಕೆಂದರೆ ಕೊನೆಗೆ ಕೈಗೆ ಸಿಗುವ ಒಂದು ಆಟಿಕೆಯ ಮೇಲೆ ಚುಕ್ಕಿ ನಿಲ್ಲಿಸಿ. ದಾರದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖವಾಗಿ ಬಾಗಿರುವುದರಿಂದ ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ. ನುಂಗಿದ ದಾರ ಕರುಳನ್ನು ಸುಕ್ಕುಗಟ್ಟಿಸಿ ಕೊಯ್ಯಬಹುದು. ಆಟ ಮುಗಿದ ಮೇಲೆ ಕೋಲು, ದಾರ ಎಲ್ಲ ಕಪಾಟಿನೊಳಗೆ.

ಉಳಿದ ತಂಟೆಗಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಸೋಫಾ ಪರಚುವುದು ಹಠಕ್ಕಲ್ಲ. ಉಗುರಿನ ಹಳೇ ಪೊರೆ ಕಳಚಬೇಕು, ಮೈ ಮುರಿಯಬೇಕು, ಪಂಜದ ಗ್ರಂಥಿಗಳ ವಾಸನೆ ಅಂಟಿಸಬೇಕು. ಪೂರ್ತಿ ಮೈ ಚಾಚಿದರೂ ಅಲ್ಲಾಡದಂಥ, ಒರಟು ಹಗ್ಗ ಸುತ್ತಿದ ಕಂಬವನ್ನು ಆ ಸೋಫಾದ ಪಕ್ಕದಲ್ಲೇ ನಿಲ್ಲಿಸಿ, ಮೂಲೆಯಲ್ಲಿ ಅಲ್ಲ. ಬೆಳಗಿನ ಜಾವದ ದಾಳಿಗೆ ಕಾರಣ ಬೆಕ್ಕಿನ ಗಡಿಯಾರ. ಮುಂಜಾವು ಮತ್ತು ಮುಸ್ಸಂಜೆ ಅದು ಹೆಚ್ಚು ಚುರುಕಾಗಿರುವ ಹೊತ್ತು. ಮಲಗುವ ಮುಂಚೆ ಒಂದು ಬಿರುಸಿನ ಆಟ, ಆಮೇಲೆ ಊಟ ಕೊಟ್ಟರೆ ಮೈ ನೆಕ್ಕಿಕೊಂಡು ನಿದ್ದೆಗೆ ಜಾರುತ್ತದೆ. ಅಡುಗೆಕಟ್ಟೆ ಹತ್ತುವ ಮರಿಗೆ ಹತ್ತಲು ಬೇರೊಂದು ಎತ್ತರದ ಜಾಗ ಕೊಡಿ, ಕಟ್ಟೆಯ ಮೇಲೆ ತಿನಿಸು ಬಿಡಬೇಡಿ.

ನೇವರಿಸುವಾಗ ಕಚ್ಚುವುದು ಬೇರೆಯೇ ಸಂಗತಿ. ಅಲ್ಲಿ ಆಟವಿಲ್ಲ, 'ಸಾಕು' ಅನ್ನುವ ಮಾತಿದೆ. ಬಾಲದ ತುದಿ ಪಟಪಟನೆ ಬಡಿಯುವುದು, ಕಿವಿ ಪಕ್ಕಕ್ಕೆ ಮಲಗುವುದು, ಬೆನ್ನ ಚರ್ಮ ಅದುರುವುದು, ಇಷ್ಟೂ ಮುನ್ಸೂಚನೆ ಕೊಟ್ಟು ಆಮೇಲೆಯೇ ಅದು ಹಲ್ಲು ಬಳಸುತ್ತದೆ. ಕೆನ್ನೆ, ಗಲ್ಲ, ಕಿವಿಯ ಬುಡ ಹೆಚ್ಚಿನ ಬೆಕ್ಕುಗಳಿಗೆ ಇಷ್ಟ. ಬಾಲದ ಬುಡ ಬಹಳಷ್ಟಕ್ಕೆ ಕಿರಿಕಿರಿ. ಅಂಗಾತ ಮಲಗಿ ಹೊಟ್ಟೆ ತೋರಿಸಿದರೆ ಅದು ನಂಬಿಕೆ, ಮುಟ್ಟಲು ಅನುಮತಿ ಅಲ್ಲ. ಇದುವರೆಗೆ ಸಮಾಧಾನವಾಗಿದ್ದ ಮರಿ ದಿಢೀರನೆ ಕಚ್ಚತೊಡಗಿದರೆ ಎಲ್ಲಾದರೂ ನೋವಿರಬಹುದು, ಪಶುವೈದ್ಯರಿಗೆ ತೋರಿಸಿ.

ಕಡಿತವನ್ನು ಹಗುರವಾಗಿ ನೋಡಬಾರದು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ, ಮೇಲೆ ಕಾಣುವುದು ಚುಕ್ಕಿಯಷ್ಟೇ. ಅದರ ಬಾಯಲ್ಲಿರುವ ಪ್ಯಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಒಂದೇ ದಿನದಲ್ಲಿ ಕೈ ಊದಿಸಬಲ್ಲದು. ರಕ್ತ ಬಂದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ವೈದ್ಯರನ್ನು ಕಾಣಿ. ರೇಬಿಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ.

ಮೂರೂವರೆ, ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳಲು ಶುರುವಾಗುತ್ತದೆ. ಒಸಡು ತುರಿಸುವ ಈ ಕಾಲದಲ್ಲಿ ಸುಮ್ಮನಿದ್ದ ಮರಿಯೂ ಮತ್ತೆ ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ಕಲಿಸಿದ್ದೆಲ್ಲ ನೀರಿನಲ್ಲಿ ಹೋಮ ಅಂತ ಗಾಬರಿಯಾಗಬೇಡಿ. ಕರೆಂಟಿನ ವೈರುಗಳನ್ನು ಮುಚ್ಚಿಡಿ, ಅಗಿಯಲು ಮೆತ್ತನೆಯದೇನಾದರೂ ಕೊಡಿ. ಆರೇಳು ತಿಂಗಳಿಗೆ 30 ಶಾಶ್ವತ ಹಲ್ಲು ಬಂದು ಕೂರುತ್ತವೆ. ಬಿದ್ದ ಹಲ್ಲುಗಳನ್ನು ಮರಿ ಹೆಚ್ಚಾಗಿ ನುಂಗಿಬಿಡುತ್ತದೆ. ನನಗೆ ಮಾತ್ರ ಒಂದು ಸಿಕ್ಕಿತು, ನೆಲ ಗುಡಿಸುವಾಗ, ಅದರ ಒದೆಯುವ ಗೊಂಬೆಯ ಬಟ್ಟೆಗೆ ಸಿಕ್ಕಿಕೊಂಡಿತ್ತು.